ಟ್ಯೂಬ್‌ಲೆಸ್ ಮಾಡಿಸಿದ ಸ್ಪೋಕ್ ಚಕ್ರ: ರಾತ್ರಿ 32, ಬೆಳಗ್ಗೆ 25. ಗಾಳಿ ಎಲ್ಲಿಂದ ಹೋಗ್ತಿದೆ?

ಮಲೆನಾಡ ಸವಾರ
ಗಾಡಿ 21/17ರ (ಮುಂದಿನ ಚಕ್ರ 21 ಇಂಚು, ಹಿಂದಿನದು 17) ಅಡ್ವೆಂಚರ್ ಬೈಕು. ಹಿಂದಿನ ಚಕ್ರ ಟ್ಯೂಬ್ ಹಾಕೋ ಥರದ್ದು, 36 ಸ್ಪೋಕ್, ಅಲ್ಯೂಮಿನಿಯಂ ರಿಮ್. ಒಳಗೆ ಸೀಲಿಂಗ್ ಟೇಪ್ ಸುತ್ತಿಸಿ ಟ್ಯೂಬ್‌ಲೆಸ್ ಮಾಡಿಸಿ ಒಂದು ವರ್ಷ ಆಯ್ತು. ಈ ಮಳೆಗಾಲ ಮುಗಿದ ಮೇಲೆ ಶುರುವಾಗಿದೆ: ರಾತ್ರಿ 32 ಪಿಎಸ್‌ಐ ಹಾಕಿದ್ರೆ ಬೆಳಗ್ಗೆ 25. ಟೈರಿನಲ್ಲಿ ಮೊಳೆ ಇಲ್ಲ. ಸೋಪು ನೀರು ಹೊಡೆದಾಗ ಮೂರು ನಿಪ್ಪಲ್ (ಸ್ಪೋಕನ್ನ ರಿಮ್ಮಿಗೆ ಹಿಡಿಯೋ ನಟ್) ಬುಡದಲ್ಲಿ ಗುಳ್ಳೆ ಬರ್ತಿದೆ, ಮೂರೂ ಅಕ್ಕಪಕ್ಕದವು. ಆ ಮೂರಕ್ಕೆ ಹೊರಗಿನಿಂದಲೇ ಅರಾಲ್ಡೈಟ್ ಹಚ್ಚಿದ್ರೆ ನಿಲ್ಲುತ್ತಾ? ಟೈರ್ ಬಿಚ್ಚಲೇಬೇಕಾ?

ಸ್ಪೋಕ್ ಕೀ
ಬಿಚ್ಚಲೇಬೇಕು. ಹೊರಗೆ ಹಚ್ಚಿದ ಅಂಟನ್ನ ಒಳಗಿನ ಗಾಳಿ ಸದಾ ಆಚೆಗೆ ತಳ್ತಾ ಇರುತ್ತೆ. ಒಳಗಿನಿಂದ ಹಚ್ಚಿದ್ದನ್ನ ಅದೇ ಗಾಳಿ ರಿಮ್ಮಿಗೆ ಒತ್ತಿ ಹಿಡಿಯುತ್ತೆ. ಅಲ್ಲದೆ ಸ್ಪೋಕ್ ಸುಮ್ನೆ ಕೂತಿರೋ ವಸ್ತು ಅಲ್ಲ. ಚಕ್ರ ಉರುಳುವಾಗ ನೆಲದ ಕಡೆ ಬಂದ ಸ್ಪೋಕಿನ ಬಿಗಿ ಕಡಿಮೆಯಾಗಿ, ಮೇಲೆ ಹೋಗುವಾಗ ಮತ್ತೆ ಬಿಗಿಯಾಗುತ್ತೆ. ಅರಾಲ್ಡೈಟ್ ಗಟ್ಟಿಯಾಗಿ ಒಣಗೋ ಅಂಟು, ಆ ಅಲುಗಾಟಕ್ಕೆ ಕೂದಲೆಳೆ ಬಿರುಕು ಬಿಡುತ್ತೆ.

ಮುಖ್ಯವಾದ ಮಾತು ಇನ್ನೊಂದಿದೆ. ಗುಳ್ಳೆ ಬಂದ ನಿಪ್ಪಲ್ ಹತ್ತಿರವೇ ಟೇಪ್ ಹರಿದಿದೆ ಅಂದ್ಕೋಬೇಡಿ. ಟೇಪಿನ ಅಂಚು ಎಲ್ಲೋ ಒಂದು ಕಡೆ ಎದ್ದಿರುತ್ತೆ, ಗಾಳಿ ಅಲ್ಲಿ ಒಳಗೆ ನುಗ್ಗಿ ಟೇಪಿಗೂ ರಿಮ್ಮಿಗೂ ನಡುವೆ ಹರಿದು, ಯಾವ ನಿಪ್ಪಲ್ ಸಡಿಲ ಇದೆಯೋ ಅಲ್ಲಿ ಆಚೆ ಬರುತ್ತೆ. ವಾಲ್ವ್‌ನಿಂದ ಪ್ರದಕ್ಷಿಣೆಯಾಗಿ 1, 2, 3 ಅಂತ ಎಣಿಸಿ ಮಾರ್ಕರಿನಲ್ಲಿ ರಿಮ್ ಮೇಲೆ ಬರೀರಿ. ಎಷ್ಟನೇ ನಿಪ್ಪಲ್ ಅಂತ ಇಲ್ಲೂ ಹೇಳಿ.

ಟಾಪ್ ಗೇರ್ ತುಮಕೂರು
ಅಷ್ಟೆಲ್ಲ ಯಾಕೆ ಗುರು, 300 ಎಂಎಲ್ ಜೆಲ್ ಸೀಲಂಟ್ ಹಾಕಿ ಹತ್ತು ಕಿಲೋಮೀಟರ್ ಓಡಿಸು. ಮುಗೀತು.

ಬಯಲುಸೀಮೆ
ಟಾಪ್ ಗೇರ್ ಅವರೇ, ಇದು ತುಂಬಾ ಜನ ಮಾಡೋ ತಪ್ಪು. ಚಕ್ರ ತಿರುಗುವಾಗ ಒಳಗಿನ ದ್ರವ ಹೋಗೋದು ಆಚೆಗೆ, ಅಂದ್ರೆ ಟೈರಿನ ಬಟನ್ (ನೆಲಕ್ಕೆ ತಾಗೋ ಭಾಗ) ಕಡೆಗೆ. ನಿಪ್ಪಲ್ ಇರೋದು ಗಾಳಿ ಕೋಣೆಯ ಒಳಗೋಡೆಯಲ್ಲಿ, ಹಬ್ ಕಡೆಗೆ. 80 ಕಿ.ಮೀ. ವೇಗದಲ್ಲಿ 17 ಇಂಚಿನ ಚಕ್ರದೊಳಗಿನ ಜೆಲ್ ಮೇಲೆ ಗುರುತ್ವದ ಸುಮಾರು 150 ಪಟ್ಟು ಬಲ ಬೀಳುತ್ತೆ, ಅದೂ ನಿಪ್ಪಲ್‌ಗೆ ಬೆನ್ನು ಮಾಡಿ. ಗಾಡಿ ನಿಂತಾಗ ಕೆಳಕ್ಕೆ ಇಳಿದು ಮತ್ತೆ ಟೈರಿನ ತಳದಲ್ಲೇ ಕೂರುತ್ತೆ. ಮೊಳೆ ಚುಚ್ಚಿದ ತೂತಿಗೆ ಜೆಲ್ ಕೆಲಸ ಮಾಡೋದು ಇದೇ ಕಾರಣಕ್ಕೆ, ನಿಪ್ಪಲ್‌ಗೆ ಮಾಡದೇ ಇರೋದೂ ಇದೇ ಕಾರಣಕ್ಕೆ.

ಟಾಪ್ ಗೇರ್ ತುಮಕೂರು
ಚಕ್ರ ಬಿಚ್ಚಿ ಅಡ್ಡ ಮಲಗಿಸಿ ಅಲ್ಲಾಡಿಸಿದ್ರೆ ನಿಪ್ಪಲ್‌ಗೂ ತಾಗುತ್ತೆ ಅಲ್ವಾ? ಅಂಗಡಿಯವರು ಹಾಗೇ ಮಾಡ್ತಾರೆ.

ಬಯಲುಸೀಮೆ
ತಾಗುತ್ತೆ, ನಿಲ್ಲಲ್ಲ. ಟೇಪಿನ ಅಂಚು ಎದ್ದಿರೋ ಕಡೆ ಜೆಲ್ ನುಗ್ಗಿದ್ರೆ ಇನ್ನೂ ಕೆಟ್ಟದ್ದು, ಉಳಿದ ಅಂಟೂ ನೆನೆದು ಬಿಡುತ್ತೆ. ಕೆಲವು ಲ್ಯಾಟೆಕ್ಸ್ ಸೀಲಂಟುಗಳಲ್ಲಿ ಅಮೋನಿಯಾ ಇರುತ್ತೆ, ಅದು ಅಲ್ಯೂಮಿನಿಯಂ ತಿನ್ನುತ್ತೆ. ಆಮೇಲೆ ರಿಮ್ ಬಿಚ್ಚಿ ಹೊಸ ಟೇಪ್ ಹಾಕೋವಾಗ ಆ ಜಿಡ್ಡು ತೆಗೆಯೋದೇ ಅರ್ಧ ದಿನದ ಕೆಲಸ.

ಕರಾವಳಿ ಚಕ್ರ
ಮಾರಾಯ್ರೆ, ಟೈರ್ ಬಿಚ್ಚೋ ಮೊದಲು ವಾಲ್ವ್ ನೋಡಿದ್ದೀರಾ? ವಾಲ್ವ್ ಬಾಯಿಗೆ ಒಂದು ಹನಿ ಸೋಪು ನೀರು ಬಿಡಿ. ಗುಳ್ಳೆ ಉಬ್ಬಿದ್ರೆ ಒಳಗಿನ ಪಿನ್ ಬದಲಿಸಿದ್ರೆ ಸಾಕು. ಆಮೇಲೆ ವಾಲ್ವ್ ಬುಡದ ನಟ್ ಸುತ್ತ, ಆಮೇಲೆ ಎರಡೂ ಬದಿಯ ಬೀಡ್ (ರಿಮ್ಮಿಗೆ ಕೂರುವ ಟೈರಿನ ಅಂಚು), ಕೊನೆಗೆ ನಿಪ್ಪಲ್. ಪಾತ್ರೆ ತೊಳೆಯೋ ಲಿಕ್ವಿಡ್ ಅರ್ಧ ಲೀಟರ್ ನೀರಿಗೆ ಒಂದು ಚಮಚ ಸಾಕು, ಆದ್ರೆ ಅದ್ರಲ್ಲಿ ಉಪ್ಪಿನಂಶ ಇರುವ ಕಾರಣ ಕೆಲಸ ಆದ ಮೇಲೆ ಒಳ್ಳೆ ನೀರಲ್ಲಿ ತೊಳೀರಿ. ಅಂಟುವಾಳದ ನೊರೆಯೂ ಆಗ್ತದೆ, ರಿಮ್ಮಿಗೆ ತೊಂದರೆ ಇಲ್ಲ. 40 ಪಿಎಸ್‌ಐ ತುಂಬಿಸಿ ನೋಡಿ, 25ರಲ್ಲಿ ಕಾಣದ್ದು 40ರಲ್ಲಿ ಕಾಣ್ತದೆ.

ಗುಳ್ಳೆಯಲ್ಲೂ ಎರಡು ಥರ ಉಂಟು. ದೊಡ್ಡ ಗುಳ್ಳೆ ಉಬ್ಬಿ ಒಡೀತಾ ಇದ್ರೆ ಒಂದು ತೂತು. ಸಾಸಿವೆ ಕಾಳಿನಷ್ಟು ಬಿಳಿ ನೊರೆ ಸಾಲಾಗಿ, ಒಂದೆರಡು ನಿಮಿಷ ಕಾದ ಮೇಲೆ ಕಾಣಿಸಿದ್ರೆ ಬೀಡ್ ಕೂತ ಜಾಗದಲ್ಲಿ ಅಲ್ಯೂಮಿನಿಯಂ ತುಕ್ಕು. ಎರಡನೇದು ನಮ್ಮ ಉಪ್ಪು ಗಾಳಿಯ ಊರುಗಳಲ್ಲಿ ಜಾಸ್ತಿ.

ಮಲೆನಾಡ ಸವಾರ
ವಾಲ್ವ್ ಪಿನ್ ಸರಿ ಇದೆ, ನಟ್ ಸುತ್ತ ಏನೂ ಇಲ್ಲ. ಬೀಡ್ ಎರಡೂ ಕಡೆ ಒಣ. ನಿಪ್ಪಲ್ 17, 18, 19. ವಾಲ್ವ್‌ಗೆ ಸರಿ ಎದುರುಗಡೆ.

ಸ್ಪೋಕ್ ಕೀ
ವಾಲ್ವ್ ಎದುರಿಗೆ ಅಂದ್ರೆ ರಿಮ್ ಜಾಯಿಂಟ್ ಇರೋ ಜಾಗ. ಅಲ್ಯೂಮಿನಿಯಂ ಪಟ್ಟಿಯನ್ನ ಬಳೆಯ ಹಾಗೆ ಬಗ್ಗಿಸಿ ಎರಡು ತುದಿ ಸೇರಿಸ್ತಾರೆ. ಕೆಲವಕ್ಕೆ ವೆಲ್ಡಿಂಗ್, ಕೆಲವಕ್ಕೆ ಒಳಗೆ ಪಿನ್ ಕೊಟ್ಟು ಒತ್ತಿ ಕೂರಿಸಿರ್ತಾರೆ. ಟ್ಯೂಬ್ ಹಾಕೋ ರಿಮ್ಮಿಗೆ ಆ ಜಾಯಿಂಟ್ ಗಾಳಿ ಹಿಡಿಯಬೇಕು ಅಂತಿಲ್ಲ, ಹಾಗಾಗಿ ಪಿನ್ ಜಾಯಿಂಟಿನ ಗೆರೆಯಲ್ಲೇ ಗಾಳಿ ನುಸುಳಬಹುದು. ರಿಮ್ಮಿನ ಪಕ್ಕದ ಗೋಡೆಯಲ್ಲಿ ಉಗುರು ಆಡಿಸಿ, ಸಣ್ಣ ಅಡ್ಡಗೆರೆ ಸಿಗುತ್ತೆ. ಅದರ ಮೇಲೂ ಸೋಪು ನೀರು ಬಿಟ್ಟು ಎರಡು ನಿಮಿಷ ನೋಡಿ.

ಹುಬ್ಬಳ್ಳಿ ಗಾಡಿ
ಮೊದ್ಲ ಇದನ್ನ ಹೇಳ್ರಿ, ನಿಮ್ದು ಯಾವ ನಮೂನಿ ರಿಮ್ ಅಂತ ಎಲ್ಲಾರಿಗೂ ಗೊತ್ತಾಗ್ಲಿ. ಓದಾವ್ರು ತಮ್ಮ ಗಾಡಿಗೂ ಇದ ಔಷಧ ಅನ್ಕೋತಾರ. ಬಿಎಂಡಬ್ಲ್ಯು 1987ರಾಗ ಜಿಎಸ್ ಗಾಡಿಗೆ ಕ್ರಾಸ್ ಸ್ಪೋಕ್ ತಂತು. ಅದ್ರಾಗ ಸ್ಪೋಕ್ ರಿಮ್ಮಿನ ನಡುವ ಚುಚ್ಚಂಗಿಲ್ಲ, ಅಂಚಿನ ಹೊರಗ ಕೂಡ್ತೈತಿ. ಗಾಳಿ ಕೋಣಿಗೆ ತೂತ ಇಲ್ಲ ಅಂದ್ಮ್ಯಾಲ ಟೇಪಿನ ಮಾತ ಇಲ್ಲ. ಅಂಥಾ ಚಕ್ರದಾಗ ಗಾಳಿ ಹೋದ್ರ ವಾಲ್ವ್, ಬೀಡ್, ಇಲ್ಲಾ ತೆಗ್ಗಿಗೆ ಬಿದ್ದು ರಿಮ್ ಅಂಚ ಬಾಗಿರೋದು, ಸೀಳಿರೋದು. ಸ್ಪೋಕ್ ಮುರದ್ರೂ ಟೈರ್ ಬಿಚ್ಚದ ಹಾಕಬಹುದು.

ಇನ್ನೊಂದು ನಮೂನಿ ಐತಿ. ನಿಪ್ಪಲ್ ಒಳಗ ಇರ್ತದ, ಒಂದೊಂದಕ್ಕೂ ಓ-ರಿಂಗ್. ಅದ್ರಾಗ ಗುಳ್ಳಿ ಬಂದ ನಿಪ್ಪಲ್ಲ ತಪ್ಪುಗಾರ, ಯಾಕಂದ್ರ ಮ್ಯಾಲ ಟೇಪಿಲ್ಲ. ಟೈರ್ ಬಿಚ್ಚಿ ಆ ಓ-ರಿಂಗ್ ಬದ್ಲ ಮಾಡ್ರಿ, ಸಿಲಿಕಾನ್ ಗ್ರೀಸ್ ಹಚ್ಚಿ ಕೂಡಸ್ರಿ. ವ್ಯಾಸಲೀನ್ ಬ್ಯಾಡ, ಕೆಲವು ರಬ್ಬರ್ ಅದಕ್ಕ ಉಬ್ಬತಾವ.

ಘಾಟಿ ತಿರುವು
ಹಿಮಾಲಯನ್ 450ಗೆ 2024ರಲ್ಲಿ ಕಂಪನಿಯೇ ಟ್ಯೂಬ್‌ಲೆಸ್ ಸ್ಪೋಕ್ ಚಕ್ರ ಕೊಡೋಕೆ ಶುರು ಮಾಡ್ತಲ್ಲ, ಹಂಗಿರೋವಾಗ ಟೇಪ್ ಯಾಕೆ? ಚಕ್ರನೇ ಬದಲಿಸಬಹುದು.

ಸ್ಪೋಕ್ ಕೀ
ಆ ಗಾಡಿ ಇದ್ದವರು ಬದಲಿಸಲಿ, ಒಳ್ಳೇದೇ. ಬೇರೆ ಗಾಡಿಗೆ ಹಬ್ಬು, ಡಿಸ್ಕು, ಸ್ಪ್ರಾಕೆಟ್ಟು ಯಾವುದೂ ಕೂರಲ್ಲ. ಪ್ರಶ್ನೆ ಕೇಳಿದವರ ಗಾಡಿಗೆ ಅಂಥ ಚಕ್ರ ಬರೋ ಹಾಗಿದ್ರೆ ಟೇಪ್ ಹಾಕಿಸ್ತಿರಲಿಲ್ಲ.

ಮಲೆನಾಡ ಸವಾರ
ಹೌದು, ಸಿಗಲ್ಲ. ಜಾಯಿಂಟ್ ಗೆರೆಯಲ್ಲೂ ನೊರೆ ಬಂತು, ತುಂಬಾ ನಿಧಾನ. ಹಾಗಾದ್ರೆ ಪೂರ್ತಿ ಬಿಚ್ಚಿ ಹೊಸದಾಗಿ ಮಾಡ್ತೀನಿ. ಕ್ರಮ ಯಾರಾದ್ರೂ ಬಿಡಿಸಿ ಹೇಳಿ.

ಬಯಲುಸೀಮೆ
ಹೇಳ್ತೀನಿ, ಅವಸರ ಮಾಡಬೇಡಿ. ನಾಲ್ಕು ದಿನ ಗಾಡಿ ನಿಲ್ಲುತ್ತೆ ಅಂತ ಇಟ್ಕೊಂಡು ಶುರು ಮಾಡಿ.

ಟೈರ್ ಬಿಚ್ಚಿ. ಲಿವರ್ ತುದಿಯಿಂದ 3 ಸೆಂಟಿಮೀಟರಿಗೆ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿ, ಅದಕ್ಕಿಂತ ಆಳ ತೂರಿಸಬೇಡಿ. ಈಗಿರೋ ಟೇಪ್ ಹೋದ್ರೂ ಪರವಾಗಿಲ್ಲ, ವಾಪಸ್ ಹಾಕೋವಾಗ ಇದೇ ಗುರುತು ನಿಮ್ಮ ಹೊಸ ಟೇಪ್ ಉಳಿಸುತ್ತೆ. ಹಳೇ ಟೇಪ್ ಕೀಳೋ ಮೊದಲು ಅಂಚು ಪೂರ್ತಿ ಬೆಳಕಿಗೆ ಹಿಡಿದು ನೋಡಿ. ಪಾರದರ್ಶಕ ಟೇಪ್ ಆದ್ರೆ ಅಂಟು ಬಿಟ್ಟ ಕಡೆ ಬೆಳ್ಳಿ ಬಣ್ಣದ ದಾರಿ ಕಾಣುತ್ತೆ, ಅಂಚಿನಿಂದ ನಿಪ್ಪಲ್ ತನಕ. ಆ ದಾರಿ ಎಲ್ಲಿಂದ ಶುರುವಾಗಿದೆಯೋ ಅದೇ ಕಾರಣ. ಫೋಟೋ ತೆಗೆದಿಡಿ.

ಹೀಟ್ ಗನ್‌ನಲ್ಲಿ ಸ್ವಲ್ಪ ಬೆಚ್ಚಗೆ ಮಾಡ್ತಾ ಎಳೀರಿ. ಉಳಿದ ಅಂಟನ್ನ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೀರಿ, ಕಬ್ಬಿಣದ್ದು ಬೇಡ. ನಿಪ್ಪಲ್ ತಲೆ ಮೀರಿ ಸ್ಪೋಕ್ ತುದಿ ಚಾಚಿದ್ರೆ ಅರದಿಂದ ಮಟ್ಟ ಮಾಡಿ, ಆ ಚೂಪು ಟೇಪನ್ನ ಒಳಗಿಂದ ಕೊರೀತಾ ಇರುತ್ತೆ. ಬಿಳಿ ಪುಡಿ ಕಟ್ಟಿದ ಕಡೆ 400 ನಂಬರ್ ಎಮರಿ ಪೇಪರ್. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೀರು ಸಮಸಮ ಬೆರೆಸಿ, ನೂಲು ಬಿಡದ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ಒರೆಸಿ. ಬಟ್ಟೆ ಬಿಳಿಯಾಗೇ ವಾಪಸ್ ಬರೋ ತನಕ. ಪೆಟ್ರೋಲ್, ಡೀಸೆಲ್ ಮುಟ್ಟಿಸಲೇಬೇಡಿ, ಎಣ್ಣೆ ಪದರ ಉಳಿಯುತ್ತೆ.

ನಿಪ್ಪಲ್ ಗುಂಡಿ ಮತ್ತು ಜಾಯಿಂಟ್ ಗೆರೆಗೆ ಪಾಲಿಯುರೆಥೇನ್ ಸೀಲಂಟ್ ತುಂಬಿ, ರಿಮ್ ತಳಕ್ಕೆ ಮಟ್ಟವಾಗೋ ಹಾಗೆ ಸವರಿ. ಜಾಯಿಂಟ್ ಗೆರೆಯನ್ನ ಬೀಡ್ ಕೂರೋ ಜಾಗದ ಕೆಳತನಕ ಮಾತ್ರ ಹಚ್ಚಿ. ಇದು ಗಾಳಿಯ ತೇವ ಹೀರಿ ಹೊರಗಿನಿಂದ ಒಳಕ್ಕೆ ಗಟ್ಟಿಯಾಗೋದು, ದಿನಕ್ಕೆ 2-3 ಮಿಲಿಮೀಟರ್. ಮೇಲೆ ಒಣಗಿದ ಹಾಗೆ ಕಂಡ್ರೂ ಗುಂಡಿಯೊಳಗೆ ಹಸಿ ಇರುತ್ತೆ, ಹಾಗಾಗಿ ಪೂರ್ತಿ ಒಂದು ದಿನ ಬಿಡಿ.

ಆಮೇಲೆ ಟೇಪ್. 3ಎಂ ಕಂಪನಿಯ 4411ಎನ್ 1 ಮಿ.ಮೀ. ದಪ್ಪ, 4412ಎನ್ 2 ಮಿ.ಮೀ. ದಪ್ಪ. ಅಗಲ ನಿಮ್ಮ ರಿಮ್ ನೋಡಿ ಆರಿಸಿ: ನಿಪ್ಪಲ್ ಸಾಲು ಮುಚ್ಚಿ ಎರಡೂ ಕಡೆ 8-10 ಮಿ.ಮೀ. ಬರೀ ರಿಮ್ಮಿಗೆ ಅಂಟಬೇಕು, ಆದ್ರೆ ಬೀಡ್ ಕೂರೋ ಮೆಟ್ಟಿಲಿಗೆ ಹತ್ತಬಾರದು. ಉದ್ದಕ್ಕೆ ಒಂದು ದಾರ ಸುತ್ತಿ ಅಳೀರಿ, 17 ಇಂಚಿಗೆ ಸುಮಾರು 1.3 ಮೀಟರ್, ಜೊತೆಗೆ 3 ಸೆಂಟಿಮೀಟರ್ ಜಾಸ್ತಿ. ಎಳೆದು ಅಂಟಿಸಬೇಡಿ. ಎಳೆದ ಟೇಪ್ ಬಿಸಿಲಿಗೆ ತನ್ನ ಮೊದಲಿನ ಉದ್ದಕ್ಕೆ ಹೋಗೋಕೆ ನೋಡುತ್ತೆ, ತುದಿಯಿಂದ ಬಿಡುತ್ತೆ. ತುದಿ ಮೇಲೆ ತುದಿ ಬರೋ ಕಡೆ ಎರಡನ್ನೂ ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿ, ಇಲ್ಲದಿದ್ರೆ ಟೇಪಿನ ದಪ್ಪದಷ್ಟು ಮೆಟ್ಟಿಲಾಗಿ ಅದರ ಬುಡದಲ್ಲಿ ಸುರಂಗ ಉಳಿಯುತ್ತೆ. ಈ ಕೂಡಿಕೆ ವಾಲ್ವ್ ಹತ್ತಿರವೂ ಬೇಡ, ರಿಮ್ ಜಾಯಿಂಟ್ ಮೇಲೂ ಬೇಡ. ನಿಮ್ಮ ಚಕ್ರದಲ್ಲಿ 9 ಮತ್ತು 10ನೇ ನಿಪ್ಪಲ್ ನಡುವೆ ಇಟ್ಕೊಳ್ಳಿ.

ರಬ್ಬರ್ ರೋಲರ್‌ನಿಂದ ನಡುವಿನಿಂದ ಅಂಚಿಗೆ ಒತ್ತಿ. ಎರಡು ಅಂಚು ಸೇರಿ 2.6 ಮೀಟರ್ ಆಗುತ್ತೆ, ಗಾಳಿ ತಡೆಯೋದು ಆ ಗೆರೆಯೇ. ನಡುವಿನ ಭಾಗ ಚೆನ್ನಾಗಿ ಅಂಟಿದ್ರೂ ಅಂಚಿನಲ್ಲಿ ಅಕ್ಕಿ ಕಾಳಿನಷ್ಟು ಬಿಟ್ಟಿದ್ರೆ ಎಲ್ಲ ವ್ಯರ್ಥ. ಈ ಅಂಟು ಪೂರ್ತಿ ಹಿಡಿಯೋಕೆ 72 ಗಂಟೆ.

ಹುಬ್ಬಳ್ಳಿ ಗಾಡಿ
ಎಲ್ಲಾ ಛಲೋ ಹೇಳೀರಿ, ಒಂದ ಬಿಟ್ಟೀರಿ. ಸೀಲಂಟ್ ಹಾಕೋ ಮೊದ್ಲ ಚಕ್ರ ಸ್ಟ್ಯಾಂಡಿಗೆ ಹಾಕಿ ಬೆಂಡ್ ತೆಗೀಬೇಕ್ರಿ. ಪಕ್ಕಕ್ಕೂ ಮ್ಯಾಲ ಕೆಳಗೂ 2 ಮಿ.ಮೀ. ಒಳಗ ಇರ್ಬೇಕು. ಒಂದೊಂದ ಸ್ಪೋಕಿಗೂ ಸ್ಪ್ಯಾನರ್‌ಲೆ ತಟ್ರಿ. ಬಿಗಿ ಇದ್ದದ್ದು ಟಣ್ ಅಂತದ, ಸಡ್ಲ ಇದ್ದದ್ದು ದಬ್ ಅಂತದ. ಸೀಲ್ ಆದಮ್ಯಾಲ ನಿಪ್ಪಲ್ ಅರ್ಧ ಸುತ್ತ ತಿರುವಿದ್ರೂ ಒಳಗಿನ ಸೀಲಂಟ್ ಕಿತ್ತ ಬರ್ತದ. 17, 18, 19ರಾಗ ಗಾಳಿ ಹೊರಗ ಬರ್ತೈತಿ ಅಂದ್ರ ಆ ಮೂರೂ ಸಡ್ಲ ಇರ್ಬೇಕ ನೋಡ್ರಿ.

ಬಯಲುಸೀಮೆ
ಸರಿಯಾದ ಮಾತು, ನನ್ನ ತಪ್ಪು. ಕ್ಲೀನ್ ಮಾಡೋಕೂ ಮೊದಲು ಆ ಕೆಲಸ. ಸರ್ವಿಸ್ ಕೊಡುವಾಗ ಸ್ಪೋಕ್ ಮುಟ್ಟಬೇಡಿ ಅಂತ ಜಾಬ್ ಕಾರ್ಡಿನಲ್ಲಿ ಬರೆಸಿ.

ಎಲೆಕ್ಟ್ರಾನ್ ಸಿಟಿ
ಪಾಲಿಯುರೆಥೇನ್ ಯಾಕೆ? ಸಿಲಿಕಾನ್ ಟ್ಯೂಬ್ ಎಲ್ಲಾ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತೆ, ಅಲುಗಾಟಕ್ಕೂ ಬಗ್ಗುತ್ತೆ, ಬಿಸಿಯನ್ನೂ ತಡೆಯುತ್ತೆ. ವಿಡಿಯೋಗಳಲ್ಲೆಲ್ಲ ಅದನ್ನೇ ಹಾಕ್ತಾರೆ.

ಸ್ಪೋಕ್ ಕೀ
ಬರೀ ಸಿಲಿಕಾನ್ ಹಾಕಿ ಟೇಪ್ ಹಾಕದೇ ಇದ್ರೆ ಒಂದು ಮಾತು. ಟೇಪ್ ಹಾಕೋದಾದ್ರೆ ಸಿಲಿಕಾನ್ ಶತ್ರು. ಅದರ ಮೇಲೆ ಟೇಪಿನ ಅಕ್ರಿಲಿಕ್ ಅಂಟು ಹಿಡಿಯಲ್ಲ. ನಿಪ್ಪಲ್ ಸುತ್ತ ಬೆರಳಲ್ಲಿ ಸವರಿದ ತೆಳು ಪದರ ಸಾಕು, ಅಲ್ಲೆಲ್ಲ ಟೇಪ್ ಮೇಲೆ ಕೂತಿರುತ್ತೆ ಅಷ್ಟೇ, ಅಂಟಿರಲ್ಲ. ಆಲ್ಕೋಹಾಲಿನಿಂದ ಒರೆಸಿದ್ರೂ ಪೂರ್ತಿ ಹೋಗಲ್ಲ. ಒಂದು ವರ್ಷಕ್ಕೆ ಬಿಡೋ ಟೇಪುಗಳಲ್ಲಿ ಈ ಕಾರಣ ತುಂಬಾ ಸಲ ಇರುತ್ತೆ.

ಸಿಲಿಕಾನ್ನೇ ಬೇಕು ಅಂದ್ರೆ ನ್ಯೂಟ್ರಲ್ ಕ್ಯೂರ್ ಅಂತ ಬರೆದಿರೋದು ತಗೊಳ್ಳಿ. ವಿನೆಗರ್ ವಾಸನೆ ಬರೋದು ಒಣಗುವಾಗ ಆಮ್ಲ ಬಿಡುತ್ತೆ, ನಿಪ್ಪಲ್ ಲೇಪನ ಮತ್ತು ಅಲ್ಯೂಮಿನಿಯಂ ಎರಡಕ್ಕೂ ಕೆಡುಕು.

ಎಲೆಕ್ಟ್ರಾನ್ ಸಿಟಿ
ಇದು ಗೊತ್ತಿರಲಿಲ್ಲ. ಧನ್ಯವಾದ.

ಕರಾವಳಿ ಚಕ್ರ
ವಾಲ್ವ್ ಬಗ್ಗೆಯೂ ಒಂದು. ಟ್ಯೂಬ್ ರಿಮ್ಮಿನ ತೂತು 8 ಮಿ.ಮೀ. ಚಿಲ್ಲರೆ ಇರ್ತದೆ, ಕಾರಿನ ರಬ್ಬರ್ ವಾಲ್ವ್‌ಗೆ 11 ಚಿಲ್ಲರೆ ಬೇಕು. ತೂತು ದೊಡ್ಡದು ಮಾಡ್ಲಿಕ್ಕೆ ಹೋಗ್ಬೇಡಿ. 8.3ರ ನಟ್ ಹಾಕೋ ಲೋಹದ ವಾಲ್ವ್ ಸಿಗ್ತದೆ. ರಿಮ್ ತಳ ಬಾಗಿರ್ತದೆ, ಹಾಗಾಗಿ ಚಪ್ಪಟೆ ವಾಷರ್ ಕೂರುವುದಿಲ್ಲ, ಬುಡದ ರಬ್ಬರ್ ದಪ್ಪಗೆ ಉಬ್ಬಿರುವಂಥದ್ದೇ ಬೇಕು. ಟೇಪಿನಲ್ಲಿ ಬ್ಲೇಡಿನಿಂದ ಕತ್ತರಿ ಗುರುತು ಹಾಕ್ಬೇಡಿ, ಆ ಸೀಳು ಬೆಳೀತದೆ. ಚರ್ಮಕ್ಕೆ ತೂತು ಹೊಡೆಯುವ ಪಂಚಿನಲ್ಲಿ ದುಂಡಗೆ ತೆಗೀರಿ. ಎರಡು ದಿನದ ನಂತರ ನಟ್ ಇನ್ನೊಮ್ಮೆ ನೋಡಿ, ಟೇಪ್ ಒತ್ತಿ ತೆಳುವಾಗಿ ಸ್ವಲ್ಪ ಸಡಿಲ ಆಗಿರ್ತದೆ.

ಘಾಟಿ ತಿರುವು
ಮುಂದಿನ 21ಕ್ಕೂ ಇದೇ ಮಾಡಬಹುದಾ?

ಸ್ಪೋಕ್ ಕೀ
ರಿಮ್ ಮೇಲಿನ ಅಕ್ಷರ ಓದಿ. ಎಂಟಿ ಅಂತಿದ್ರೆ ಬೀಡ್ ಜಾರದ ಹಾಗೆ ಒಳಗೊಂದು ಉಬ್ಬು ಇದೆ ಅಂತ ಅರ್ಥ. ಡಬ್ಲ್ಯುಎಂ ಅಂತಿದ್ರೆ ಆ ಉಬ್ಬು ಇಲ್ಲ. ಉಬ್ಬಿಲ್ಲದ ರಿಮ್ಮಿನಲ್ಲಿ ಗಾಳಿ ಇಳಿದಾಗ ತಿರುವಿನಲ್ಲಿ ಬೀಡ್ ನಡುವಿನ ಗುಂಡಿಗೆ ಜಾರುತ್ತೆ, ಇದ್ದ ಗಾಳಿ ಒಂದೇ ಸಲ ಹೋಗುತ್ತೆ. ಹಿಂದಿನ ಚಕ್ರದಲ್ಲಿ ಹಾಗಾದ್ರೆ ಗಾಡಿ ಓಲಾಡುತ್ತೆ, ಮುಂದಿನದರಲ್ಲಾದ್ರೆ ಬೀಳೋದೇ. ಬಹಳಷ್ಟು 21 ಇಂಚಿನ ರಿಮ್ಮುಗಳಲ್ಲಿ ಉಬ್ಬಿಲ್ಲ. ಸುಜುಕಿ ವಿ-ಸ್ಟ್ರಾಮ್ 1050ಡಿಇ ಕಂಪನಿಯಿಂದಲೇ ಮುಂದೆ ಟ್ಯೂಬ್, ಹಿಂದೆ ಟ್ಯೂಬ್‌ಲೆಸ್ ಆಗಿ ಬಂದಿದೆ. ಟೈರ್ ಮೇಲೂ ಟ್ಯೂಬ್‌ಲೆಸ್ ಅಂತ ಬರೆದಿರಬೇಕು.

ಟಾಪ್ ಗೇರ್ ತುಮಕೂರು
ಹಾಗಾದ್ರೆ 21ರ ಟ್ಯೂಬ್ ಒಂದು ಬ್ಯಾಗಿನಲ್ಲಿ ಇರಲಿ. ದಾರಿಯಲ್ಲಿ ಹಿಂದಿನದು ಕೈಕೊಟ್ರೆ ವಾಲ್ವ್ ಬಿಚ್ಚಿ 17ರೊಳಗೂ ಅದನ್ನೇ ತುರುಕಬಹುದು, ಊರು ಸೇರೋ ತನಕ ನಿಧಾನಕ್ಕೆ ಹೋದ್ರೆ ನಡೆಯುತ್ತೆ. ಇದಂತೂ ಸರಿ ತಾನೇ?

ಬಯಲುಸೀಮೆ
ಸರಿ. ಟ್ಯೂಬ್ ಮಡಚದ ಹಾಗೆ ಸ್ವಲ್ಪ ಗಾಳಿ ತುಂಬಿ ಕೂರಿಸಿ. ಟ್ಯೂಬ್‌ಲೆಸ್ ವಾಲ್ವಿನ ನಟ್ ಬಿಚ್ಚೋ ಸ್ಪ್ಯಾನರ್ ಟೂಲ್ ಕಿಟ್‌ನಲ್ಲಿ ಇದೆಯಾ ಅಂತ ಹೊರಡೋ ಮೊದಲೇ ನೋಡ್ಕೊಳ್ಳಿ.

ಎಲೆಕ್ಟ್ರಾನ್ ಸಿಟಿ
ಮೂಲ ಪ್ರಶ್ನೆಗೆ ವಾಪಸ್ ಬಂದ್ರೆ, ಮಲೆನಾಡಿನ ಬೆಳಗಿನ ಚಳಿಗೇ ಗೇಜ್ ಕಡಿಮೆ ತೋರಿಸ್ತಿರಬಹುದಲ್ವಾ?

ಬಯಲುಸೀಮೆ
10 ಡಿಗ್ರಿ ಇಳಿದ್ರೆ 32 ಪಿಎಸ್‌ಐನಲ್ಲಿ ಸುಮಾರು ಒಂದೂವರೆ ಕಡಿಮೆಯಾಗುತ್ತೆ. 7 ಪಿಎಸ್‌ಐ ಇಳಿಯೋಕೆ ಚಳಿ ಕಾರಣ ಆಗಲ್ಲ. ಎತ್ತರದ್ದು ಉಲ್ಟಾ. ಹೊರಗಿನ ಒತ್ತಡ ಕಡಿಮೆಯಾದಷ್ಟೂ ಗೇಜ್ ಏರುತ್ತೆ. ಮಂಗಳೂರಿನಲ್ಲಿ 32 ಡಿಗ್ರಿಯಲ್ಲಿ 30 ತುಂಬಿಸಿ 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಹೋದ್ರೆ ಎತ್ತರಕ್ಕೆ 3 ಏರುತ್ತೆ, ಅಲ್ಲಿ 18 ಡಿಗ್ರಿ ಇದ್ರೆ ಚಳಿಗೆ 2 ಇಳಿಯುತ್ತೆ. ಬೆಂಗಳೂರಿನಿಂದ ಲೇಹ್‌ಗಾದ್ರೆ ಎತ್ತರಕ್ಕೇ ಮೂರೂವರೆ ಏರುತ್ತೆ. ಒಂದೇ ಜಾಗ, ಒಂದೇ ಹೊತ್ತು, ಒಂದೇ ಗೇಜ್. ಹಾಗೆ ಅಳೆದದ್ದು ಮಾತ್ರ ಲೆಕ್ಕ.

ಮಲೆನಾಡ ಸವಾರ
ಟೈರ್ ಬಿಚ್ಚಿದೆ. ಸ್ಪೋಕ್ ಕೀ ಹೇಳಿದ್ದೇ ಸರಿ. ಟೇಪಿನ ಕೂಡಿಕೆಯನ್ನ ರಿಮ್ ಜಾಯಿಂಟ್ ಮೇಲೇ ಹಾಕಿದ್ರು, ಓರೆ ಕತ್ತರಿಸಿಲ್ಲ, ಮೆಟ್ಟಿಲ ಬುಡದಿಂದ 17ನೇ ನಿಪ್ಪಲ್‌ಗೆ ಬೆಳ್ಳಿ ಗೆರೆ ಸ್ಪಷ್ಟವಾಗಿ ಕಾಣ್ತಿದೆ. ಕೆಳಗೆ ಸಿಲಿಕಾನ್ ಜಿಡ್ಡು. 18, 19 ದಬ್ ಅಂತಿವೆ. ಟೇಪ್ ಕಿತ್ತ ಕಡೆ ಗುಂಡಿಗಳಲ್ಲಿ ನೀರು ಇತ್ತು.

ಹುಬ್ಬಳ್ಳಿ ಗಾಡಿ
ಆ ನೀರ ನಿಪ್ಪಲ್ ಸಂದಿಯಿಂದ ಹೊರಗಿಂದ ಒಳಗ ಬಂದದ್ದು. ಚಕ್ರ ಪೂರಾ ಒಂದ ದಿನ ಬಿಸಲಾಗ ಒಣಗಸ್ರಿ, ಹಸಿ ಮ್ಯಾಲ ಸೀಲ್ ಮಾಡಿದ್ರ ಒಳಗ ಬಿಳಿ ತುಕ್ಕ ಬೆಳೀತದ. ಕೆಲಸ ಮುಗದಮ್ಯಾಲ ಹೊರಗಿಂದ ನಿಪ್ಪಲ್ ಬುಡಕ್ಕ ಒಂದ ಹನಿ ಮೇಣದ ಸ್ಪ್ರೇ ಹೊಡೀರಿ, ನೀರ ತಡೀತದ.

ಎಲೆಕ್ಟ್ರಾನ್ ಸಿಟಿ
ಸಿಲಿಕಾನ್ ಜಿಡ್ಡು ಬಿದ್ದಿರೋ ಈ ರಿಮ್ಮಿನ ಮೇಲೆ ಹೊಸ ಟೇಪ್ ಹಿಡಿಯುತ್ತಾ ಹಾಗಾದ್ರೆ?

ಸ್ಪೋಕ್ ಕೀ
ಒರೆಸಿದ್ರೆ ಸಾಲದು, ಉಜ್ಜಿ ತೆಗೀಬೇಕು. ಸಿಲಿಕಾನ್ ರಿಮೂವರ್ ಹಚ್ಚಿ ಬಿಟ್ಟು ಕೆರೆದು, ಆಮೇಲೆ 400 ಎಮರಿ, ಆಮೇಲೆ ಆಲ್ಕೋಹಾಲ್. ಪರೀಕ್ಷೆ ಸುಲಭ: ರಿಮ್ ತಳಕ್ಕೆ ನೀರು ಚಿಮುಕಿಸಿ. ನೀರು ಹಾಳೆಯ ಹಾಗೆ ಹರಡಿದ್ರೆ ಶುದ್ಧ. ಕೆಸುವಿನ ಎಲೆ ಮೇಲಿನ ಹಾಗೆ ಮುತ್ತು ಕಟ್ಟಿದ ಕಡೆ ಇನ್ನೂ ಸಿಲಿಕಾನ್ ಇದೆ, ಅಲ್ಲಿ ಮತ್ತೆ ಉಜ್ಜಿ.

ಟೈರ್ ಹಾಕೋವಾಗ ವಾಲ್ವ್ ಎದುರಿನಿಂದ ಶುರು ಮಾಡಿ ವಾಲ್ವ್ ಹತ್ತಿರ ಮುಗಿಸಿ. ಬೀಡನ್ನ ಒತ್ತೋ ರಿಮ್ ನಡುವಿನ ಗುಂಡಿಯಲ್ಲೇ ನಿಮ್ಮ ಟೇಪ್ ಇರೋದು, ಹಾಗಾಗಿ ಸೋಪು ನೀರು ಧಾರಾಳವಾಗಿ ಹಚ್ಚಿ. 40ರ ಆಸುಪಾಸಿನಲ್ಲಿ ಎರಡು ಸಲ ಟಪ್ ಅನ್ನುತ್ತೆ, ಒಂದೊಂದು ಬದಿಗೆ ಒಂದೊಂದು. ಟೈರಿನ ಬದಿಯ ತೆಳು ಗೆರೆ ರಿಮ್ ಅಂಚಿನಿಂದ ಸುತ್ತಲೂ ಸಮ ಇದೆಯಾ ನೋಡಿ. ಟೈರ್ ಮೇಲೆ ಬರೆದ ಗರಿಷ್ಠ ಒತ್ತಡ ದಾಟಬೇಡಿ.

ಮಲೆನಾಡ ಸವಾರ
ಆರು ದಿನ ಆಯ್ತು. ಸೋಮವಾರ ಬೆಳಗ್ಗೆ 7ಕ್ಕೆ 32, ಮಂಗಳವಾರ 7ಕ್ಕೆ 32, ಇವತ್ತು ಗುರುವಾರ 31.5. ನಿಪ್ಪಲ್, ಜಾಯಿಂಟ್ ಎರಡೂ ಒಣ. ಈ ಅರ್ಧ ಎಲ್ಲಿ ಹೋಯ್ತು?

ಕರಾವಳಿ ಚಕ್ರ
ಗೇಜ್ ಒತ್ತಿದಾಗಲೆಲ್ಲ ಸ್ಸ್ ಅಂತ ಒಂದಿಷ್ಟು ಗಾಳಿ ಹೋಗ್ತದಲ್ಲ, ಮೂರು ಸಲ ಅಳೆದಿದ್ದೀರಿ. ಇನ್ನು ವಾರಕ್ಕೊಮ್ಮೆ ಅಳೆದ್ರೆ ಸಾಕು. ತಿಂಗಳಿಗೆ 2ರ ತನಕ ಇಳಿದ್ರೆ ಅಲಾಯ್ ಚಕ್ರದಲ್ಲೂ ಅಷ್ಟು ಇಳೀತದೆ.

ಹುಬ್ಬಳ್ಳಿ ಗಾಡಿ
500 ಕಿಲೋಮೀಟರ್ ಆದಮ್ಯಾಲ ಸ್ಪೋಕ್ ತಟ್ಟಿ ನೋಡ್ರಿ. ತಿರುವಬ್ಯಾಡ್ರಿ, ಬರೀ ಕೇಳ್ರಿ.

ಘಾಟಿ ತಿರುವು
18 ಇಂಚಿನ ಹಿಂದಿನ ಚಕ್ರಕ್ಕೆ ಟೇಪ್ ಎಷ್ಟು ಉದ್ದ ಬೇಕು?

ಬಯಲುಸೀಮೆ
17ಕ್ಕಿಂತ ಸುಮಾರು 8 ಸೆಂಟಿಮೀಟರ್ ಜಾಸ್ತಿ. ಆದ್ರೂ ದಾರ ಸುತ್ತಿ ಅಳೆದೇ ಕತ್ತರಿಸಿ, ಗುಂಡಿಯ ಆಳ ರಿಮ್ಮಿಂದ ರಿಮ್ಮಿಗೆ ಬೇರೆ ಇರುತ್ತೆ.